ಪೆಟ್ಟಿಗೆಯಲ್ಲಿಟ್ಟ ಮೊಟ್ಟೆ

ನವೀಕರಣ ಅನ್ನೋ ಪದ ಕೇಳಿದರೆ ನನಗೆ ಮೊದಲು ಕಣ್ಣ ಮುಂದೆ ಬರೋದು ಗ್ರಾನೈಟು. ಆಮೇಲೆ ಫಾಲ್ಸ್ ಸೀಲಿಂಗು, ಅದರೊಳಗೆ ಚೌಕ ಚೌಕದ ಎಲ್‌ಇಡಿ ಲೈಟು, ಮಿರಿಮಿರಿ ಮಿಂಚುವ ಸ್ಟೀಲ್ ಕಂಬಿ, ಕೊನೆಗೆ ಬಾಗಿಲ ಪಕ್ಕದಲ್ಲಿ ಕರಿಕಲ್ಲಿನ ಮೇಲೆ ಚಿನ್ನದ ಬಣ್ಣದಲ್ಲಿ ಕೆತ್ತಿಸಿದ ಹತ್ತಿಪ್ಪತ್ತು ಹೆಸರು. ನಮ್ಮೂರಿನ ಯಾವ ಹಳೇ ಸಭಾಂಗಣಕ್ಕೆ "ಕಾಯಕಲ್ಪ" ಅಂತ ಪೇಪರಿನಲ್ಲಿ ಬಂದರೂ ಒಳಗೊಳಗೇ ಒಂದು ಭಯ ಶುರುವಾಗುತ್ತೆ. ಇದನ್ನು ಯಾರ ಹತ್ತಿರವಾದರೂ ಹೇಳಿದರೆ ಅವರು ತಕ್ಷಣ ಯೂರೋಪಿನ ಕಡೆ ಕೈ ತೋರಿಸ್ತಾರೆ. ಅಲ್ಲಿ ನೋಡಿ ಹೇಗೆ ಉಳಿಸ್ಕೊಂಡಿದಾರೆ, ನಮಗೆ ಬುದ್ಧಿ ಇಲ್ಲ, ಅಂತ.

ಹಾಗೆ ಕೈ ತೋರಿಸುವ ಕಟ್ಟಡಗಳಲ್ಲಿ ಒಂದು ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್. ಥೇಮ್ಸ್ ನದಿಯ ದಕ್ಷಿಣ ದಡದಲ್ಲಿ, ವಾಟರ್ಲೂ ಸ್ಟೇಷನ್ನಿನ ಹತ್ತಿರ ಇದೆ. ಆಫೀಸಿನ ಕೆಲಸದ ಮೇಲೆ ಆ ಊರಲ್ಲಿ ಇದ್ದಷ್ಟು ದಿನವೂ ನಾನು ಅಲ್ಲಿಗೆ ಎಡತಾಕಿದ್ದೇನೆ, ಕಛೇರಿ ಕೇಳೋಕೆ ಕೆಲವು ಸಲ, ಸುಮ್ಮನೆ ಕೂರೋಕೆ ಲೆಕ್ಕವಿಲ್ಲದಷ್ಟು ಸಲ. 2005ರಿಂದ 2007ರವರೆಗೆ ಎರಡು ವರ್ಷ ಬಾಗಿಲು ಹಾಕಿ, 11 ಕೋಟಿ ಪೌಂಡಿನಷ್ಟು ಸುರಿದು ಅದನ್ನು ಸರಿಮಾಡಿದರು. ಆ ಕೆಲಸದಲ್ಲಿ ಯಾವುದು ಉಳಿಯಿತು, ಯಾವುದು ಉಳಿಯಲಿಲ್ಲ, ಯಾವುದನ್ನು ಉಳಿಸಬಾರದಿತ್ತು ಅಂತ ಕೇಳಿಕೊಂಡರೆ ಉತ್ತರ ಕೈ ತೋರಿಸುವಷ್ಟು ಸಲೀಸಲ್ಲ.

ಮೊದಲು ಕಟ್ಟಡದ ಜಾತಕ. ಎರಡನೇ ಮಹಾಯುದ್ಧದಲ್ಲಿ, 1941ರ ಮೇ ತಿಂಗಳಲ್ಲಿ, ಲಂಡನ್ನಿನ ಕ್ವೀನ್ಸ್ ಹಾಲ್ ಜರ್ಮನ್ ಬಾಂಬಿಗೆ ಸುಟ್ಟುಹೋಯಿತು. ಸಂಗೀತದವರು ಪ್ರಾಣಕ್ಕಿಂತ ಹೆಚ್ಚು ಪ್ರೀತಿಸುತ್ತಿದ್ದ ಜಾಗ ಅದು. ಉಳಿದದ್ದು ರಾಯಲ್ ಆಲ್ಬರ್ಟ್ ಹಾಲ್. ದೈತ್ಯ ಗುಮ್ಮಟ, ದೈತ್ಯ ಪ್ರತಿಧ್ವನಿ. ಬ್ರಿಟಿಷ್ ಸಂಗೀತಗಾರನ ಹೊಸ ಕೃತಿ ಎರಡನೇ ಸಲ ಕೇಳಿಸೋದು ಅಲ್ಲಿ ಮಾತ್ರ ಅಂತ ಒಂದು ಹಳೇ ಜೋಕೇ ಇದೆ. 1969ರಲ್ಲಿ ಸೂರಿಗೆ ಫೈಬರ್‌ಗ್ಲಾಸಿನ ಅಣಬೆಗಳನ್ನು ನೇತುಹಾಕುವವರೆಗೂ ಆ ಪ್ರತಿಧ್ವನಿ ಹೋಗಲಿಲ್ಲ. ಯುದ್ಧ ಮುಗಿದ ಮೇಲೆ ಅಟ್ಲಿಯ ಲೇಬರ್ ಸರ್ಕಾರ 1951ಕ್ಕೆ ಫೆಸ್ಟಿವಲ್ ಆಫ್ ಬ್ರಿಟನ್ ಅಂತ ಒಂದು ದೊಡ್ಡ ಜಾತ್ರೆ ಮಾಡಬೇಕು ಅಂತ ಹೊರಟಿತು. ಊಟಕ್ಕೇ ಇನ್ನೂ ರೇಷನ್ ಇದ್ದ ಕಾಲ. ಒಂದು ಬ್ರೂವರಿ ಇದ್ದ ಜಾಗದಲ್ಲಿ ಲಂಡನ್ ಕೌಂಟಿ ಕೌನ್ಸಿಲ್, ಅಂದರೆ ಆ ಊರಿನ ಬಿಬಿಎಂಪಿ ಅಂತ ಇಟ್ಕೊಳ್ಳಿ, ತನ್ನದೇ ಆರ್ಕಿಟೆಕ್ಟುಗಳನ್ನು ಕೂರಿಸಿ ಹಾಲ್ ಕಟ್ಟಿಸಿತು. ರಾಬರ್ಟ್ ಮ್ಯಾಥ್ಯೂ, ಲೆಸ್ಲಿ ಮಾರ್ಟಿನ್, ಪೀಟರ್ ಮೊರೊ. 1949ರ ಅಕ್ಟೋಬರಿನಲ್ಲಿ ಅಡಿಗಲ್ಲು, 1951ರ ಮೇ 3ಕ್ಕೆ ಉದ್ಘಾಟನೆ. ಒಂದೂವರೆ ವರ್ಷ! ನಮ್ಮ ಒಂದು ಫ್ಲೈಓವರಿನ ಪಿಲ್ಲರ್ ಎಬ್ಬಿಸೋಕೆ ಇದಕ್ಕಿಂತ ಜಾಸ್ತಿ ಹಿಡಿಯುತ್ತೆ.

1951ರ ಅಕ್ಟೋಬರಿನಲ್ಲಿ ಚರ್ಚಿಲ್ ಮತ್ತೆ ಅಧಿಕಾರಕ್ಕೆ ಬಂದರು. ಜಾತ್ರೆಯ ಮಿಕ್ಕ ಕಟ್ಟಡಗಳನ್ನೆಲ್ಲ ಹೆಚ್ಚುಕಮ್ಮಿ ಗುಡಿಸಿಹಾಕಿದರು. ಹಾಲ್ ಉಳಿಯಿತು.

ಜಾಗ ಸುಂದರವೇ, ಆದರೆ ಪಕ್ಕದಲ್ಲೇ ಹಂಗರ್‌ಫರ್ಡ್ ರೈಲು ಸೇತುವೆ. ಸಂಗೀತದ ನಡುವೆ ಗಡಗಡ ಅಂತ ರೈಲು ಹೋದರೆ ಏನು ಗತಿ? ಅದಕ್ಕೆ ಅವರು ಆಡಿಟೋರಿಯಮ್ಮನ್ನು ನೆಲದಿಂದ ಮೇಲೆತ್ತಿ, ಕಂಬಗಳ ಮೇಲೆ ನಿಲ್ಲಿಸಿ, ಸುತ್ತ ಇನ್ನೊಂದು ಕಟ್ಟಡ ಕಟ್ಟಿದರು. ಪೆಟ್ಟಿಗೆಯೊಳಗೆ ಇಟ್ಟ ಮೊಟ್ಟೆ ಅಂತಲೇ ಇದಕ್ಕೆ ಹೆಸರು. ಮೊಟ್ಟೆಯನ್ನು ಮೇಲೆತ್ತಿದ್ದರಿಂದ ಅದರ ಕೆಳಗೆ, ಸುತ್ತ, ವಿಪರೀತ ಖಾಲಿ ಜಾಗ ಸಿಕ್ಕಿತು. ಆ ಜಾಗವೇ ಫೋಯರ್. ಗೋಡೆಗಳಿಲ್ಲ, ಒಂದು ಮಜಲಿನಿಂದ ಇನ್ನೊಂದಕ್ಕೆ ಮೆಟ್ಟಿಲು ಹರಿದುಕೊಂಡು ಹೋಗುತ್ತೆ, ಗಾಜಿನಾಚೆ ನದಿ. ಶಬ್ದ ತಡೆಯುವ ಲೆಕ್ಕಾಚಾರದಿಂದ ಹುಟ್ಟಿದ ಈ ಖಾಲಿ ಜಾಗವೇ ಮುಂದೆ ಕಟ್ಟಡದ ಅತ್ಯುತ್ತಮ ಭಾಗವಾಯಿತು. ಒಳಗೂ ಅಷ್ಟೆ. ಹಳೇ ಥಿಯೇಟರುಗಳ ಹಾಗೆ ಬಡವರಿಗೆ ಬೇರೆ ಬಾಗಿಲು, ಕಂಬದ ಹಿಂದಿನ ಸೀಟು ಇಲ್ಲಿಲ್ಲ. ಎಲ್ಲಿ ಕೂತರೂ ವೇದಿಕೆ ಕಾಣಬೇಕು ಅನ್ನೋದು ವಿನ್ಯಾಸದ ಹಠ. ಗೋಡೆಯಲ್ಲಿ ಬಾಕ್ಸುಗಳಿವೆ ನಿಜ, ಅವು ಯಾರೋ ಬೀರುವಿನ ಡ್ರಾಯರ್ ಎಳೆದು ಹಾಗೇ ಬಿಟ್ಟುಹೋದ ಹಾಗೆ ಕಾಣುತ್ತವೆ. ರಾಬಿನ್ ಡೇ ಮಾಡಿದ ಕುರ್ಚಿಗಳನ್ನು ಈಗಲೂ ಡಿಸೈನ್ ಓದುವ ಹುಡುಗರು ಬಂದು ಫೋಟೋ ತೆಗೀತಾರೆ.

ಎಲ್ಲ ಸರಿ. ಸೌಂಡು ಮಾತ್ರ ಕೈಕೊಟ್ಟಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಮುಂದಿನ ಜಗಳವೆಲ್ಲ ಇಲ್ಲೇ ಇದೆ. ನೀವು ಒಂದು ಹಾಲಿನಲ್ಲಿ ಚಪ್ಪಾಳೆ ತಟ್ಟಿದರೆ ಆ ಸದ್ದು ಗೋಡೆಗೆ, ಸೂರಿಗೆ ಬಡಿದು ಬಡಿದು ನಿಧಾನಕ್ಕೆ ಸಾಯುತ್ತೆ. ಅದು ಸಾಯೋಕೆ ಹಿಡಿಯುವ ಹೊತ್ತನ್ನು ಅಳೆಯೋದು ಹೇಗೆ ಅಂತ ಕಂಡುಹಿಡಿದವರು ಹಾರ್ವರ್ಡಿನ ವ್ಯಾಲೇಸ್ ಸೆಬೈನ್. ಅವರ ಸಲಹೆಯ ಮೇಲೆ 1900ರಲ್ಲಿ ಬಾಸ್ಟನ್ನಿನ ಸಿಂಫನಿ ಹಾಲ್ ಕಟ್ಟಿದರು. ಹಾಲಿನ ಒಳಗಿನ ಗಾಳಿ ಹೆಚ್ಚಿದಷ್ಟೂ ಸದ್ದು ಹೆಚ್ಚು ಹೊತ್ತು ಬದುಕುತ್ತೆ, ಸದ್ದು ಹೀರುವ ವಸ್ತು ಹೆಚ್ಚಿದಷ್ಟೂ ಬೇಗ ಸಾಯುತ್ತೆ. ಕರ್ಟನ್, ಕಾರ್ಪೆಟ್, ಮೆತ್ತನೆ ಸೀಟು ಎಲ್ಲವೂ ಹೀರುತ್ತವೆ. ಎಲ್ಲಕ್ಕಿಂತ ಹೆಚ್ಚು ಹೀರೋದು ನಾವು, ಪ್ರೇಕ್ಷಕರು. ಒಬ್ಬೊಬ್ಬ ಮನುಷ್ಯನೂ ಒಂದೊಂದು ಹಾಸಿಗೆ ಇದ್ದ ಹಾಗೆ. ಬಾಸ್ಟನ್, ವಿಯೆನ್ನಾದಂಥ ಹೆಸರಾಂತ ಹಾಲುಗಳಲ್ಲಿ ಜನ ತುಂಬಿದ್ದರೂ ಸದ್ದು ಎರಡು ಸೆಕೆಂಡಿನ ಹತ್ತಿರ ಬದುಕಿರುತ್ತೆ. ಫೆಸ್ಟಿವಲ್ ಹಾಲಿನಲ್ಲಿ ಸುಮಾರು ಒಂದೂವರೆ ಸೆಕೆಂಡ್. ಅದರಲ್ಲೂ ಡಬಲ್ ಬಾಸ್, ಚೆಲ್ಲೋಗಳ ಕೆಳಗಿನ ಸ್ವರಗಳು ತೆಳುವಾದ ಗೋಡೆ ಸೂರುಗಳಲ್ಲಿ ಸೋರಿಹೋಗುತ್ತಿದ್ದವು. ಅರ್ಧ ಸೆಕೆಂಡ್ ಏನು ಮಹಾ ಅನ್ನಬೇಡಿ. ಬಿಸಿಬೇಳೆಬಾತಿಗೆ ತುಪ್ಪ ಇಲ್ಲದಿದ್ದರೆ ಹೇಗೋ ಹಾಗೆ. ಎಲ್ಲ ಪದಾರ್ಥವೂ ಇದೆ, ಒಂದಕ್ಕೊಂದು ಬೆರೆತಿಲ್ಲ.

ಆಮೇಲೆ ಅವರು ಮಾಡಿದ್ದು ನನಗೆ ಬಹಳ ಇಷ್ಟವಾದ ಕಥೆ. 1964ರ ಸುಮಾರಿಗೆ ಪೀಟರ್ ಪಾರ್ಕಿನ್ ಅನ್ನುವ ವಿಜ್ಞಾನಿ ಸೂರಿನಲ್ಲಿ ಸಾಲು ಸಾಲು ಮೈಕು, ಸ್ಪೀಕರುಗಳನ್ನು ಅಡಗಿಸಿಟ್ಟರು. ಒಂದೊಂದು ಮೈಕು ಒಂದೊಂದು ಸ್ವರವನ್ನು ಮಾತ್ರ ಹಿಡಿದು, ಅದರ ಸ್ಪೀಕರ್ ಆ ಸ್ವರ ಸಾಯದಂತೆ ಕೊಂಚ ಎಳೆದು ಹಿಡಿಯುವ ವ್ಯವಸ್ಥೆ. ಇದನ್ನು ಮೊದಮೊದಲು ಸದ್ದಿಲ್ಲದೆ ಮಾಡಿದರು. ಟಿಕೆಟ್ ಕೊಂಡವರಿಗೂ ಹೇಳಲಿಲ್ಲ, ನುಡಿಸುವವರಿಗೂ ಹೇಳಲಿಲ್ಲ. ಹೇಳಿದ್ದರೆ "ಮೈಕಾ? ಛೀ" ಅಂತ ಎದ್ದುಹೋಗುತ್ತಿದ್ದರು, ಅದು ಗ್ಯಾರಂಟಿ. ಅದು ಮೂರು ದಶಕಗಳ ಕಾಲ ನಡೆಯಿತು. 1998ರಲ್ಲಿ ಬಂದ್ ಮಾಡಿದರು. ಹಾಗೆ ಮಾಡಿದ ಮೇಲೆ ಹಾಲ್ ಮತ್ತೆ ಬತ್ತಲಾಯಿತು. ಇಲ್ಲಿ ರಿಹರ್ಸಲ್ ಶುರುವಾದ ಅರ್ಧ ಗಂಟೆಯಲ್ಲೇ ಬದುಕುವ ಆಸೆ ಹೋಗಿಬಿಡುತ್ತೆ ಅಂತ ಕಂಡಕ್ಟರ್ ಸೈಮನ್ ರ‍್ಯಾಟಲ್ ಹೇಳಿದ್ದು ಲಂಡನ್ನಿನಲ್ಲಿ ಗಾದೆಯ ಹಾಗೆ ಓಡಾಡುತ್ತೆ.

ಇಷ್ಟಾದರೂ 1988ರಲ್ಲಿ ಈ ಕಟ್ಟಡಕ್ಕೆ ಗ್ರೇಡ್ ಒನ್ ಸ್ಥಾನ ಕೊಟ್ಟರು. ಯುದ್ಧದ ನಂತರದ ಕಟ್ಟಡಗಳಲ್ಲಿ ಆ ಮರ್ಯಾದೆ ಮೊದಲು ಸಿಕ್ಕಿದ್ದು ಇದಕ್ಕೇ. ಅಂದರೆ ಇನ್ನು ಮೇಲೆ ಮನಸ್ಸಿಗೆ ಬಂದ ಹಾಗೆ ಒಡೆಯೋ ಹಾಗಿಲ್ಲ. 2005ಕ್ಕೆ ಬರೋ ಹೊತ್ತಿಗೆ ತೊಡಕು ಇದು: ಸೌಂಡ್ ಸರಿ ಮಾಡಬೇಕಾದರೆ ಮೊಟ್ಟೆಯನ್ನೇ ಒಡೆಯಬೇಕು, ಸೂರು ಎತ್ತರಿಸಬೇಕು, ಸೀಟು ಗಣನೀಯವಾಗಿ ಕಡಿಮೆ ಮಾಡಬೇಕು. ಕಾಪಾಡಬೇಕಾಗಿರುವುದೂ ಆ ಮೊಟ್ಟೆಯನ್ನೇ.

ಅಲೀಸ್ ಅಂಡ್ ಮಾರಿಸನ್ ಅನ್ನುವ ಆರ್ಕಿಟೆಕ್ಟುಗಳು ಮತ್ತು ಲ್ಯಾರಿ ಕರ್ಕಗಾರ್ಡ್ ಅನ್ನುವ ಅಮೆರಿಕದ ಧ್ವನಿತಜ್ಞ ಮಾಡಿದ್ದು ಒಂದು ರಾಜಿ. ಗೋಡೆ ಸೂರುಗಳ ಆಕಾರ ಹಾಗೇ ಇರಿಸಿ, ಅವನ್ನು ಒಳಗಿಂದ ದಪ್ಪ ಮಾಡಿದರು, ಕೆಳಸ್ವರ ಸೋರದಿರಲಿ ಅಂತ. ವೇದಿಕೆ ಬದಲಾಯಿಸಿದರು, ನುಡಿಸುವವರಿಗೆ ಪಕ್ಕದವರು ನುಡಿಸೋದು ಕೇಳಿಸಲಿ ಅಂತ. ವೇದಿಕೆಯ ಮೇಲಿದ್ದ ಮರದ ಛಾವಣಿ ಹೋಗಿ, ಏರಿಸಿ ಇಳಿಸಬಹುದಾದ ಹೊಸದು ಬಂತು. ಸಾಲುಗಳ ನಡುವೆ ಮೊಣಕಾಲಿಗೆ ಜಾಗ ಕೊಟ್ಟರು, ಒಂದಷ್ಟು ಸೀಟು ಹೋಯಿತು. ಕಾರ್ಪೆಟ್ಟನ್ನು ಹಳೇ ಬಲೆ-ಚೆಂಡಿನ ಪ್ಯಾಟರ್ನಿನಲ್ಲೇ ಮತ್ತೆ ನೇಯಿಸಿದರು, ರಾಬಿನ್ ಡೇ ಕುರ್ಚಿಗಳನ್ನು ಅವೇ ಗೆರೆಗಳಲ್ಲಿ ಸಿದ್ಧ ಮಾಡಿದರು.

ನನ್ನ ಕಿವಿಯ ತೀರ್ಪು: ಅರ್ಧ ಗೆಲುವು. ಈಗ ಡಬಲ್ ಬಾಸ್ ಎದೆಗೆ ತಾಕುತ್ತೆ. ಒಂದು ಓಬೋ, ಒಂದು ಹಾರ್ಪ್ ಬಿಡಿಬಿಡಿಯಾಗಿ ಎಷ್ಟು ಸ್ಪಷ್ಟ ಅಂದರೆ ವಾದ್ಯಗಳನ್ನು ಬೆರಳಿಟ್ಟು ಎಣಿಸಬಹುದು. ಆದರೆ ಬ್ರುಕ್ನರ್ ಥರದ ದೊಡ್ಡ ಸಿಂಫನಿಯಲ್ಲಿ ಇಡೀ ಆರ್ಕೆಸ್ಟ್ರಾ ಒಟ್ಟಿಗೆ ಏರಿ ತಟ್ಟನೆ ನಿಂತಾಗ, ಆ ಸದ್ದು ಗಾಳಿಯಲ್ಲಿ ಒಂದು ಗಳಿಗೆ ತೂಗಾಡಬೇಕಲ್ಲ, ಅದು ಇಲ್ಲಿ ತೂಗೋದಿಲ್ಲ. ಕೆಳಗಿಟ್ಟುಬಿಡುತ್ತೆ. ಮೊಟ್ಟೆ ಒಡೆಯದೆ ಆಮ್ಲೆಟ್ ಆಗಲ್ಲ ಅಂತ ಅಲ್ಲಿನ ವಿಮರ್ಶಕರೂ ಬೇರೆ ಬೇರೆ ಮಾತಲ್ಲಿ ಗೊಣಗಿದ್ದುಂಟು.

ನಾನು ಇದನ್ನು ಅಷ್ಟು ದೊಡ್ಡ ಸೋಲು ಅಂತ ತಗೊಳ್ಳಲ್ಲ. ಕಾರಣ ನಮ್ಮ ಸಂಗೀತ. ಮೃದಂಗದಲ್ಲಿ ತನಿ ಆವರ್ತನ ನಡೆಯುವಾಗ ಒಂದೊಂದು ಪೆಟ್ಟೂ ಎರಡು ಸೆಕೆಂಡ್ ಬದುಕಿದ್ದರೆ ಏನಾಗುತ್ತೆ ಯೋಚಿಸಿ. ಫರನ್ ಎಲ್ಲ ಕಲಸಿ ಹಿಟ್ಟಾಗುತ್ತೆ. ಮೈಕಿಟ್ಟು ಮಾಡುವ ಯಾವ ಕಛೇರಿಗೂ, ಜಾಜ್‌ಗೂ, ಮಾತಿಗೂ ಒಣ ಹಾಲೇ ಚೆನ್ನ. ರವಿಶಂಕರ್ ಈ ವೇದಿಕೆಯಲ್ಲಿ ನುಡಿಸಿದ್ದಾರೆ. ಸಿಂಫನಿಯವರ ಪಾಲಿಗೆ ರೋಗವಾಗಿದ್ದು ತಬಲಾದ ಪಾಲಿಗೆ ಆರೋಗ್ಯ. ಹಾಲ್ ಯಾರದ್ದು, ಯಾವ ಸಂಗೀತದ್ದು ಅಂತ ತೀರ್ಮಾನಿಸದೆ ಸೌಂಡ್ ಚೆನ್ನಾಗಿದೆ ಕೆಟ್ಟದಾಗಿದೆ ಅನ್ನೋದರಲ್ಲಿ ಅರ್ಥ ಇಲ್ಲ, ಮತ್ತೆ ಆ ತೀರ್ಮಾನವನ್ನು ಲಂಡನ್ನಿನ ಚರ್ಚೆಗಳಲ್ಲಿ ಸಿಂಫನಿಯವರೇ ಮಾಡಿಬಿಟ್ಟಿರುತ್ತಾರೆ.

ಸಿಂಫನಿ ಅಂದಾಗ ನಮ್ಮೂರಿನ ಒಂದು ವಿಷಯ ಹೇಳಬೇಕು. ಈ ಹಾಲಿನಲ್ಲಿ ನೆಲೆಸಿ ನುಡಿಸುವ ಆರ್ಕೆಸ್ಟ್ರಾಗಳಲ್ಲಿ ಒಂದು ಫಿಲ್‌ಹಾರ್ಮೋನಿಯಾ. ವಾಲ್ಟರ್ ಲೆಗ್ ಅನ್ನುವ ರೆಕಾರ್ಡಿಂಗ್ ನಿರ್ಮಾಪಕ 1945ರಲ್ಲಿ ಕಟ್ಟಿದ್ದು. ಅದಕ್ಕೆ ಮೊದಲ ವರ್ಷಗಳಲ್ಲಿ ದುಡ್ಡು ಕೊಟ್ಟು ನಿಲ್ಲಿಸಿದವರು ಜಯಚಾಮರಾಜ ಒಡೆಯರ್. 1948ರಲ್ಲಿ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. ರಿಚರ್ಡ್ ಸ್ಟ್ರೌಸ್ ಸಾಯುವ ಮುಂಚೆ ಬರೆದ ಕೊನೆಯ ನಾಲ್ಕು ಹಾಡುಗಳು ಮೊದಲ ಸಲ ಲೋಕಕ್ಕೆ ಕೇಳಿಸಿದ್ದು 1950ರ ಮೇ 22ರಂದು, ಆಲ್ಬರ್ಟ್ ಹಾಲಿನಲ್ಲಿ. ಫ್ಲಾಗ್‌ಸ್ಟಾಟ್ ಹಾಡಿದರು, ಫುರ್ಟ್‌ವೆಂಗ್ಲರ್ ನಡೆಸಿದರು, ನುಡಿಸಿದ್ದು ಫಿಲ್‌ಹಾರ್ಮೋನಿಯಾ, ಆ ಕಛೇರಿಯ ಬೆನ್ನಿಗಿದ್ದದ್ದು ಮೈಸೂರಿನ ದುಡ್ಡು. ಮಹಾರಾಜರು ಹೋಗಲಾಗಲಿಲ್ಲ, ಅವರಿಗೋಸ್ಕರ ರೆಕಾರ್ಡ್ ಮಾಡಿದರು. ಫೆಸ್ಟಿವಲ್ ಹಾಲ್ ಇನ್ನೊಂದು ವರ್ಷ ಮೊದಲೇ ಮುಗಿದಿದ್ದರೆ ಅಲ್ಲೇ ಆಗುತ್ತಿತ್ತೇನೋ. ರಷ್ಯಾದ ಮೆಟ್ನರ್ ತನ್ನ ಮೂರನೇ ಪಿಯಾನೋ ಕನ್ಸರ್ಟೋವನ್ನು ಅರ್ಪಿಸಿದ್ದೂ ಇದೇ ಒಡೆಯರಿಗೆ. ಆಮೇಲೆ ಶ್ರೀವಿದ್ಯಾ ಅಂಕಿತದಲ್ಲಿ ಕೃತಿ ರಚಿಸಿದ ಒಡೆಯರೂ ಇವರೇ ಅನ್ನೋದು ನಿಮಗೆ ಗೊತ್ತೇ ಇದೆ.

ಇದನ್ನು ಕೇಳಿ ಹೆಮ್ಮೆ ಪಡೋಣ, ತಪ್ಪಿಲ್ಲ. ವಾಟ್ಸಾಪಿನಲ್ಲಿ ಫಾರ್ವರ್ಡ್ ಮಾಡುವಷ್ಟು ಹೆಮ್ಮೆ ನನಗೂ ಇದೆ. ಜೊತೆಗೆ ಮಹಾರಾಜರ ದುಡ್ಡು ಅಂದರೆ ಕೊನೆಗೆ ಯಾರ ದುಡ್ಡು ಅಂತಲೂ ಕೇಳ್ಕೊಬೇಕು. ಮಂಡ್ಯದ ಕಂದಾಯ, ಕೋಲಾರದ ಚಿನ್ನ. ಆ ಲೆಕ್ಕದಲ್ಲಿ ಆ ಹಾಲಿನೊಳಗೆ ನಡೆಯುವ ಸಂಗೀತದಲ್ಲಿ ನಮ್ಮ ಅಜ್ಜಂದಿರದ್ದೂ ಒಂದು ಚಿಲ್ಲರೆ ಪಾಲಿದೆ. ಹಾಗಾಗಿ ಅದನ್ನು ಟೀಕಿಸುವ ಹಕ್ಕು ಕೂಡ ಇದೆ ಅಂತ ನಾನು ತಮಾಷೆಗೆ ಹೇಳ್ಕೊಳ್ತೀನಿ.

ಈಗ ಫೋಯರಿಗೆ ಬರೋಣ. ಮೂರು ದಶಕ ಈ ಜಾಗ ಟಿಕೆಟ್ ಇದ್ದವರಿಗೆ ಮಾತ್ರ, ಅದೂ ಕಛೇರಿಯ ಹೊತ್ತಿಗೆ. 1983ರಲ್ಲಿ ಕೆನ್ ಲಿವಿಂಗ್‌ಸ್ಟನ್ ನಾಯಕತ್ವದ ಗ್ರೇಟರ್ ಲಂಡನ್ ಕೌನ್ಸಿಲ್ ಬಾಗಿಲನ್ನು ದಿನವಿಡೀ ತೆರೆದಿಡಬೇಕು ಅಂತ ಹೇಳಿತು. ಟಿಕೆಟ್ ಬೇಡ, ಕಾಫಿ ಕೊಳ್ಳಬೇಕು ಅಂತಿಲ್ಲ, ಯಾಕೆ ಬಂದೆ ಅಂತ ಕೇಳೋರಿಲ್ಲ. ಮೂರು ವರ್ಷಕ್ಕೆ ಥ್ಯಾಚರ್ ಆ ಕೌನ್ಸಿಲ್ಲನ್ನೇ ಮುಚ್ಚಿಹಾಕಿದರು, ಬಾಗಿಲು ಮಾತ್ರ ತೆರೆದೇ ಇತ್ತು. ಆದರೆ ವರ್ಷ ಕಳೆದ ಹಾಗೆ ಆ ಖಾಲಿ ಜಾಗದಲ್ಲಿ ಅಂಗಡಿ, ಆಫೀಸು, ಪಾರ್ಟಿಷನ್ನು ಒಂದೊಂದೇ ಬಂದು ಕೂತವು. ಖಾಲಿ ಜಾಗ ಕಂಡರೆ ಯಾವ ಊರಿನ ಆಡಳಿತಕ್ಕೂ ಕೈ ಕಡಿಯುತ್ತೆ, ನಮ್ಮದಕ್ಕೆ ಮಾತ್ರ ಅಂದ್ಕೋಬೇಡಿ.

2007ರ ಕೆಲಸದ ನಿಜವಾದ ಸಾಧನೆ ಇಲ್ಲಿದೆ. ಆಡಳಿತದ ಆಫೀಸುಗಳನ್ನು ರೈಲು ಸೇತುವೆಯ ಪಕ್ಕ ಉದ್ದುದ್ದ ಕಟ್ಟಿದ ಹೊಸ ಕಟ್ಟಡಕ್ಕೆ ಸಾಗಿಸಿದರು. ಪಾರ್ಟಿಷನ್ ಕಿತ್ತರು. 1951ರಲ್ಲಿ ಹೇಗೆ ಒಂದು ತುದಿಯಿಂದ ಇನ್ನೊಂದಕ್ಕೆ ಕಣ್ಣು ಹಾಯುತ್ತಿತ್ತೋ ಹಾಗೆ ಮಾಡಿದರು. ಮಧ್ಯಾಹ್ನ ಹೋಗಿ ನೋಡಿ. ಲ್ಯಾಪ್‌ಟಾಪ್ ಬಿಚ್ಚಿಕೊಂಡು ಸ್ಟಾರ್ಟಪ್ಪಿನವರು, ಪ್ರ್ಯಾಮಿನಲ್ಲಿ ಮಗು ಮಲಗಿಸಿ ತಾವೂ ತೂಕಡಿಸುವ ತಾಯಂದಿರು, ಒಂದು ಮೂಲೆಯಲ್ಲಿ ಕನ್ನಡಿಯಿಲ್ಲದೆ ಡ್ಯಾನ್ಸ್ ಪ್ರಾಕ್ಟೀಸ್ ಮಾಡುವ ಹುಡುಗರು, ಚಳಿಗೆ ಒಳಬಂದ ಮನೆಯಿಲ್ಲದವರು. ಒಂದು ಲಿಫ್ಟ್ ಇದೆ, ಮಾರ್ಟಿನ್ ಕ್ರೀಡ್ ಅನ್ನುವ ಕಲಾವಿದನ ಕೃತಿ ಅದರೊಳಗೆ. ಲಿಫ್ಟ್ ಏರಿದ ಹಾಗೆ ಕೋರಸ್ಸಿನ ಸ್ವರವೂ ಏರುತ್ತೆ, ಇಳಿದ ಹಾಗೆ ಇಳಿಯುತ್ತೆ. ಮಕ್ಕಳು ಅದರಲ್ಲಿ ಸುಮ್ಮನೆ ಹತ್ತಿ ಇಳಿದು ಮಾಡ್ತಿರ್ತಾರೆ. ಐದನೇ ಮಹಡಿಯಲ್ಲಿ ಪದ್ಯಗಳದ್ದೇ ಒಂದು ಗ್ರಂಥಾಲಯ, ಯಾರು ಬೇಕಾದರೂ ಹೋಗಬಹುದು.

ಇದಕ್ಕೆ ತೆತ್ತ ಬೆಲೆ ಹೊರಗಡೆ ಕಾಣುತ್ತೆ. ನದಿಯ ಬದಿಯ ನೆಲಮಟ್ಟದಲ್ಲಿ ಈಗ ಸಾಲು ಸಾಲು ರೆಸ್ಟೋರೆಂಟು, ಬಹುಪಾಲು ಬೇರೆ ಊರಲ್ಲೂ ಸಿಗುವ ಚೈನುಗಳೇ. ಅವುಗಳ ಬಾಡಿಗೆಯಿಂದ ಮೇಲಿನ ಉಚಿತ ಜಾಗ ನಡೆಯುತ್ತೆ ಅನ್ನೋ ವಾದ ನನಗೆ ಅರ್ಥವಾಗುತ್ತೆ. ಆದರೂ ಆ ಹೋಟೆಲುಗಳ ಕುರ್ಚಿ ಮೇಜಿನ ನಡುವೆ ದಾರಿ ಮಾಡಿಕೊಂಡು ಹೋಗುವಾಗ, ಬಡವರಿಗೂ ಇದು ನಿಮ್ಮದೇ ಅಂತ ಹೇಳಿದ ಕಟ್ಟಡ ಇದು ಅಂತ ತಕ್ಷಣಕ್ಕೆ ಹೊಳೆಯೋದಿಲ್ಲ. ಇದೇ ತರ್ಕವನ್ನು 2013ರಲ್ಲಿ ಪಕ್ಕದ ಕ್ವೀನ್ ಎಲಿಜಬೆತ್ ಹಾಲಿಗೂ ಹಚ್ಚೋಕೆ ಹೋದರು. ಅದರಡಿಯ ಕಾಂಕ್ರೀಟ್ ಗೂಡಿನಲ್ಲಿ ಎಪ್ಪತ್ತರ ದಶಕದಿಂದ ಹುಡುಗರು ಸ್ಕೇಟ್‌ಬೋರ್ಡ್ ಆಡುತ್ತಿದ್ದರು. ಅವರನ್ನು ಎಬ್ಬಿಸಿ ಅಲ್ಲಿ ಅಂಗಡಿ ಹಾಕುವ ಯೋಜನೆ. ಹುಡುಗರು ಮೇಜು ಹಾಕ್ಕೊಂಡು ಕೂತು ಸಹಿ ಸಂಗ್ರಹಿಸಿದರು, ಹೋದವರ ಬಂದವರ ಹತ್ತಿರ ಮಾತಾಡಿದರು. 2014ರಲ್ಲಿ ಯೋಜನೆ ಬಿದ್ದುಹೋಯಿತು, 2019ರಲ್ಲಿ ಮುಚ್ಚಿಟ್ಟಿದ್ದ ಒಂದಷ್ಟು ಭಾಗವೂ ಸ್ಕೇಟರ್‌ಗಳಿಗೆ ವಾಪಸ್ ಸಿಕ್ಕಿತು. ಯಾವ ನಕ್ಷೆಯಲ್ಲೂ ಇಲ್ಲದ ಆಟದ ಜಾಗವನ್ನು ಪಾರಂಪರಿಕ ಜಾಗ ಅಂತ ಒಪ್ಪಿಸಿದ್ದು ಆ ಹುಡುಗರ ತಾಕತ್ತು.

ಇಲ್ಲಿ ನನಗೆ ಜೆ.ಸಿ. ರಸ್ತೆ ನೆನಪಾಗದೇ ಇರಲ್ಲ. ರವೀಂದ್ರ ಕಲಾಕ್ಷೇತ್ರ ಶುರುವಾಗಿದ್ದು 1963ರಲ್ಲಿ, ಟ್ಯಾಗೋರ್ ಶತಮಾನೋತ್ಸವದ ನೆನಪಿಗೆ ದೇಶದ ಹಲವು ರಾಜಧಾನಿಗಳಲ್ಲಿ ರಂಗಮಂದಿರ ಎದ್ದ ಕಾಲದಲ್ಲಿ. ಸರ್ಕಾರ ಜನರಿಗೆ ಸಭಾಂಗಣ ಕಟ್ಟಿಕೊಡಬೇಕು ಅನ್ನೋ ಆ ಕಾಲದ ನಂಬಿಕೆ ಲಂಡನ್ನಿನದ್ದೂ ಇದರದ್ದೂ ಒಂದೇ. ಆದರೆ ಕಲಾಕ್ಷೇತ್ರ ಅಂದ ತಕ್ಷಣ ನಾಟಕದವರ ಬಾಯಲ್ಲಿ ಬರೋದು ಒಳಗಿನ ಸೀಟಿನ ಮಾತಲ್ಲ, ಹೊರಗಿನ ಮೆಟ್ಟಿಲು. ಎಷ್ಟು ತಂಡ ಹುಟ್ಟಿದ್ದು, ಒಡೆದದ್ದು, ಪ್ರೇಮ ಕುದುರಿದ್ದು ಆ ಮೆಟ್ಟಿಲ ಮೇಲೆ. 1972ರಲ್ಲಿ ಬಿ.ವಿ. ಕಾರಂತರು ‘ಈಡಿಪಸ್’, ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ ಆಡಿಸಿ ಕನ್ನಡ ರಂಗಭೂಮಿಯ ದಿಕ್ಕು ತಿರುಗಿಸಿದ್ದೂ ಆಡಿಟೋರಿಯಮ್ಮಿನ ಒಳಗಲ್ಲ, ಹಿಂದಿನ ಬಯಲಿನಲ್ಲಿ. ನಾಳೆ ಅಲ್ಲಿ ಏನೇ ರಿಪೇರಿ ಬಂದರೂ ಟೆಂಡರಿನಲ್ಲಿ ಎಸಿ ಇರುತ್ತೆ, ಸೌಂಡ್ ಸಿಸ್ಟಂ ಇರುತ್ತೆ, ಪುಷ್‌ಬ್ಯಾಕ್ ಸೀಟ್ ಇರುತ್ತೆ. ಮೆಟ್ಟಿಲ ಮೇಲೆ ಕೂರೋ ಹಕ್ಕು ಯಾವ ಐಟಂ ನಂಬರಿನಲ್ಲಿ ಬರುತ್ತೆ? ಸೆಕ್ಯೂರಿಟಿ ನೆಪದಲ್ಲಿ ಒಂದು ಗೇಟು, ಆ ಗೇಟಿಗೊಂದು ಯೂನಿಫಾರ್ಮು ಬಂದರೆ ಸಾಕು. ಲಂಡನ್ನಿನಿಂದ ಕಾಪಿ ಹೊಡೆಯೋದಿದ್ದರೆ ಕಾರ್ಪೆಟ್ಟನ್ನಲ್ಲ, 1983ರ ಆ ಆದೇಶವನ್ನು ಹೊಡೀಬೇಕು. ಅದಕ್ಕೆ ಖರ್ಚೂ ಕಡಿಮೆ.

ಒಂದು ವಿಷಯ ಬಿಟ್ಟೆ. ಫೆಸ್ಟಿವಲ್ ಹಾಲಿನ ಆರ್ಗನ್. 1954ರದ್ದು, ಏಳು ಸಾವಿರದ ಎಂಟುನೂರಕ್ಕೂ ಹೆಚ್ಚು ಕೊಳವೆಗಳು. 2005ರಲ್ಲಿ ಇಡಿಯಾಗಿ ಬಿಚ್ಚಿ ಸಾಗಿಸಿದರು. 2007ರಲ್ಲಿ ಹಾಲ್ ತೆರೆದಾಗ ಮೂರರಲ್ಲಿ ಒಂದು ಭಾಗ ಮಾತ್ರ ವಾಪಸ್ ಬಂದಿತ್ತು, ಮಿಕ್ಕದ್ದಕ್ಕೆ ದುಡ್ಡಿರಲಿಲ್ಲ. ಜನರಿಗೇ ಒಂದೊಂದು ಕೊಳವೆಯ ಖರ್ಚು ವಹಿಸ್ಕೊಳ್ಳಿ ಅಂತ ಕೇಳಿ, ಲಾಟರಿ ನಿಧಿ ಸೇರಿಸಿ, ಅದು ಪೂರ್ತಿಯಾಗಿ ನುಡಿದದ್ದು 2014ರ ಮಾರ್ಚಿನಲ್ಲಿ. ಏಳು ವರ್ಷ ಅರೆಬರೆ ಆರ್ಗನ್ ಇಟ್ಕೊಂಡು ಹಾಲ್ ನಡೆಸಿದರು.

ಆ ಕಡೆ ಹೋದರೆ ವಾಟರ್ಲೂನಲ್ಲಿ ಇಳಿದು ನದಿಯ ಕಡೆ ಐದು ನಿಮಿಷ ನಡೀರಿ. ಬ್ಯಾಗಿನಲ್ಲಿ ಚಪಾತಿ ರೋಲ್ ಇದ್ದರೂ ಯಾರೂ ಏನೂ ಅನ್ನಲ್ಲ. ಮೊದಲು ಲಿಫ್ಟಿನಲ್ಲಿ ಮೇಲಿನ ಮಹಡಿಯವರೆಗೆ ಹೋಗಿ, ಆಮೇಲೆ ಮೆಟ್ಟಿಲಲ್ಲಿ ಇಳಿಯುತ್ತಾ ಬನ್ನಿ. ಕಛೇರಿಗೆ ಟಿಕೆಟ್ ಕೊಳ್ಳೋದಾದರೆ ವೇದಿಕೆಯ ಹಿಂದಿನ ಕಾಯರ್ ಸೀಟು ಸಾಮಾನ್ಯವಾಗಿ ಅಗ್ಗ. ಕಂಡಕ್ಟರ್ ಮುಖ ಎದುರಿಗೆ ಕಾಣುತ್ತೆ, ಟಿಂಪನಿ ಕಾಲಬುಡದಲ್ಲೇ ಗುಡುಗುತ್ತೆ. ಒಣ ಹಾಲೋ ಹಸಿ ಹಾಲೋ ಅನ್ನೋ ಪ್ರಶ್ನೆ ಅಲ್ಲಿ ಕೂತವರಿಗೆ ಏಳೋದೇ ಇಲ್ಲ.